ಗೌಡರ ಮನೆ ಮಗನಿಗೆ ಬಾಡಿಗೆ ಮನೆ

ಶುಕ್ರವಾರ ರಾತ್ರಿ ವಸುಂಧರಾ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದಳು, ಹುಲುಗೇಶ್ ತಡೆಯಲಿಲ್ಲ. ಬಸ್ಸು ಹೋಯಿತು, ಧೂಳೆದ್ದಿತು, ಧೂಳಿನ ಮೇಲೆ ‘ಮುಕ್ತಾಯ’ ಎಂದು ಬಂತು. ‘ಅರಿಶಿನದ ಹೊಸ್ತಿಲು’ ಧಾರಾವಾಹಿ ಮುಗಿಯಿತು. ಹುಲುಗೇಶನ ನೆಮ್ಮದಿಯೂ ಮುಗಿಯಿತು.

ಧಾರಾವಾಹಿಯಲ್ಲಿ ಅವನು ಶಿವರಾಜಗೌಡ, ವಸುಂಧರಾಳ ಗಂಡ. ಹಣೆ ತುಂಬ ವಿಭೂತಿ, ಹೆಗಲಿಗೆ ರೇಷ್ಮೆ ಶಲ್ಯ, ಅಂಗಳ ತುಂಬ ಆಳುಗಳು. ನಿಜದಲ್ಲಿ ದಿನಗೂಲಿಗೆ ನಟಿಸುವವನು. ನರ್ಸ್ ಕೆಲಸದ ಹೆಂಡತಿ ಅಂಜಲಿಯ ಜೊತೆ ಚಿತ್ತವಾಡ್ಗಿಯ ಒಂದೇ ಕೋಣೆಯಲ್ಲಿ ಬದುಕು. ಶನಿವಾರ ಬೆಳಿಗ್ಗೆ ಅದನ್ನೂ ಖಾಲಿ ಮಾಡಿ, ಲಗೇಜ್ ಆಟೊಕ್ಕೆ ಸಾಮಾನು ಹೇರಿ, ಪೇಟೆಯೊಳಗೆ ಗಂಗಾಂಬಿಕಾ ಎಂಬುವರ ಹಿತ್ತಲ ಮನೆಗೆ ಬಾಡಿಗೆಗೆ ಹೊರಟಿದ್ದರು. ಬಿಟ್ಟ ಕೋಣೆಯಲ್ಲಿ ಆಗಲೇ ಬೇರೆಯವರು ಹಾಲು ಉಕ್ಕಿಸಿದ್ದರು. ಹೊಸ ಮನೆಯ ಬೀಗದಕೈ ಇನ್ನೂ ಗಂಗಾಂಬಿಕಾ ಅವರ ಬಳಿಯೇ ಇತ್ತು.

ದಾರಿಯಲ್ಲೇ ಆಟೊದ ಅಂಜಿನೇಯ ಶುರು ಮಾಡಿದ. “ಅಲ್ರೀ ಗೌಡ್ರ, ಬಸ್ಸಿಗೆ ಅಡ್ಡ ನಿಂತಿದ್ರ ನಿಮ್ಮ ಗಂಟೇನ್ ಹೋಗ್ತಿತ್ರೀ? ನಮ್ಮನ್ಯಾಗ ರಾತ್ರಿ ಯಾರೂ ಉಂಡಿಲ್ಲ.”

“ಕತಿ ಬರದೋರು ಬ್ಯಾರೆ ಅದಾರಪ್ಪ. ನಿಲ್ಲು ಅಂದ್ರು, ನಿಂತೆ.”

“ನಿಲ್ಲು ಅಂದ್ರ ನಿಲ್ಲೋದೇನ್ರೀ? ಹೆಂಡ್ತಿ ನಿಮ್ಮಾಕಿ!”

ಪಾತ್ರೆ ಗಂಟಿನ ಮೇಲೆ ಕುಳಿತಿದ್ದ ಅಂಜಲಿ, “ಹೆಂಡ್ತಿ ಇಲ್ಲಿ ಅದಾಳಪ್ಪ,” ಎಂದಳು. ಅಂಜಿನೇಯ ತಿರುಗಿಯೂ ನೋಡಲಿಲ್ಲ.

ಗಂಗಾಂಬಿಕಾ ಅವರ ಓಣಿ ಬಂತು. ಕಿರಾಣಿ ಅಂಗಡಿಯ ಭರಮಣ್ಣ ಆಟೊಕ್ಕೆ ಅಡ್ಡ ನಿಂತ. ಹಾಲಿಗೆ ಬಂದವರೆಲ್ಲ ಬೆಲ್ಲ ಕಂಡ ಕಟ್ಟಿರುವೆಗಳಂತೆ ಮುತ್ತಿದರು.

“ಬಂದ ನೋಡ್ರಿ ಮನಿಮುರುಕ! ಜಾಸ್ತಿ ರೊಕ್ಕ ಕೇಳ್ಯಾನ, ಸೀರಿಯಲ್ ನಿಂತೈತಿ.”

“ರೊಕ್ಕಲ್ಲಲೇ, ಸಿನಿಮಾದಾಗ ಚಾನ್ಸ್ ಸಿಕ್ಕೈತಂತ.”

“ಅಣ್ಣಾರ, ಸಿನಿಮಾ ಚಾನ್ಸ್ ಸಿಕ್ಕವ ಚಾಪಿ, ಬಕೀಟು ಹೇರ್ಕೊಂಡು ಬರ್ತಾನೇನ್ರೀ?” ಎಂದ ಹುಲುಗೇಶ್. ಯಾರೂ ಕೇಳಿಸಿಕೊಳ್ಳಲಿಲ್ಲ.

ಜಾಹೀರಾತು ಕಡಿಮೆಯಾಯಿತೆಂದು ಎಲ್ಲೋ ಎಸಿ ಕೋಣೆಯಲ್ಲಿ ಕುಳಿತು ಕತೆಯ ಕತ್ತು ಕೊಯ್ದವನ ಮುಖವನ್ನು ಇವರಾರೂ ನೋಡಿಲ್ಲ. ನೋಡಿದ್ದರೆ ಹಾರ ಹಾಕಿ ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು. ಸಿಟ್ಟಿಗೆ ಯಾವಾಗಲೂ ಕೈಗೆಟುಕುವವನೇ ಬೇಕು, ಅದರಲ್ಲೂ ಕೂಲಿಯವನಾದರೆ ಇನ್ನೂ ಹಗುರ.

ಗಂಗಾಂಬಿಕಾ ಹೊರಬಂದರು. ಅತ್ತು ಅತ್ತು ಅವರ ಕಣ್ಣು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿದ್ದವು. “ಮೊದಲು ಆ ಹುಡುಗಿನ್ನ ಕರ್ಕೊಂಡು ಬರ್ರಿ, ಆಮ್ಯಾಲೆ ಬೀಗದಕೈ. ನಮ್ಮ ಪೈಕಿ ಹುಡುಗ ಅಂತ ಮನಿ ಕೊಟ್ಟೆ. ನಮ್ಮ ಪೈಕಿ ಗಂಡಸು ಹಿಂಗ ಹೆಂಡ್ತಿನ್ನ ಬೀದಿಗೆ ಬಿಡ್ತಾನೇನ್ರೀ?”

ಮನೆ ನೋಡಲು ಬಂದ ದಿನ ಅವರು ಹುಲುಗೇಶನನ್ನು ಏನೂ ಕೇಳಿರಲಿಲ್ಲ. ಹಣೆಯ ವಿಭೂತಿಯನ್ನು ಟಿವಿಯಲ್ಲಿ ದಿನವೂ ನೋಡುತ್ತಿದ್ದವರಿಗೆ ಕೇಳುವುದೇನಿದೆ?

ಬಿಸಿಲೇರಿತು. ಅಂಜಲಿಯ ಡ್ಯೂಟಿಗೆ ಹೊತ್ತಾಗುತ್ತಿತ್ತು. ಹುಲುಗೇಶನ ತಾಳ್ಮೆ ಹರಿಯಿತು.

“ಅಮ್ಮಾರ, ಕೈ ಮುಗಿತೀನಿ! ನಾ ಗೌಡ ಅಲ್ಲ. ಆ ಮನಿ ನಂದಲ್ಲ, ಆ ವಿಭೂತಿ ಮೇಕಪ್ಪಿನವ ಬಳದಿದ್ದು. ನಾ ಕಂಪ್ಲಿ ಕಡೆ ಕೇರಿ ದುರ್ಗಕ್ಕನ ಮಗ. ನಮ್ಮವ್ವ ಇವತ್ತಿಗೂ ಗೌಡ್ರ ಗದ್ದ್ಯಾಗ ಕಬ್ಬು ಕಡಿತಾಳ. ನಮ್ಮನ್ನ ಅವರು ಪಡಸಾಲಿಗೂ ಬಿಟ್ಟಿಲ್ಲ. ನಾ ಯಾವ ಹೆಂಡ್ತಿನ್ನ ಬೀದಿಗೆ ಬಿಡ್ಲಿ?”

ಓಣಿಯ ಸಿಟ್ಟೆಲ್ಲ ಕಣ್ಣೆದುರೇ ಜರ್ರನೆ ಇಳಿಯಿತು.

“ಅಯ್ಯ ಪಾಪ! ಹಂಗಾರ ನಿಂದೇನ್ ತಪ್ಪೈತಪ್ಪ?” ಗಂಗಾಂಬಿಕಾ ಅವರ ದನಿ ಬೆಣ್ಣೆಯಾಯಿತು. “ಹೇಳಿದಂಗ ಮಾಡೋನು ನೀನು. ಸುಮ್ನ ಅಂದ್ವಿ ನಿನಗ.”

ಗೆದ್ದೆನೆಂದುಕೊಂಡು ಹುಲುಗೇಶ್ ಕೈ ಚಾಚಿದ. “ಬೀಗದಕೈ ಕೊಡ್ರಿ ಅಮ್ಮಾರ.”

“ಮನಿ... ನಮ್ಮ ತಂಗಿ ಮಗ ಬರ್ತಾನಂತಪ್ಪ. ಈಗ ಫೋನ್ ಬಂತು.”

ಅವರ ಕೈಯಲ್ಲಿ ಫೋನಿರಲಿಲ್ಲ. ಎಲ್ಲೂ ರಿಂಗಾಗಿರಲಿಲ್ಲ.

ಆಟೊ ತಿರುಗಿಸಲು ಇಡೀ ಓಣಿ ಓಡಿ ಬಂತು. ಒಬ್ಬ ಕಲ್ಲು ಸರಿಸಿದ, ಒಬ್ಬ ತನ್ನ ಬೈಕು ತೆಗೆದ. “ಹಿಂದಕ್ಕ ಬರ್ಲಿ, ಹಿಂದಕ್ಕ!” ಎಂದು ದಾರಿ ತೋರುತ್ತಿದ್ದ ಭರಮಣ್ಣ, ಹುಲುಗೇಶನ ಭುಜ ತಟ್ಟಲೆಂದು ಎತ್ತಿದ ಕೈಯನ್ನು ಗೇಣು ದೂರದಲ್ಲೇ ನಿಲ್ಲಿಸಿ, “ಎರಡನೇ ಭಾಗ ಬಂದ್ರ ಗೌಡ ನೀನ ಆಗಬೇಕು ನೋಡಪ,” ಎಂದ.

ಅಂಜಲಿ ಗಂಟಿನ ಮೇಲೇ ಎದ್ದು ನಿಂತಳು. “ಟಿವಿಯಾಗ ಬೇಕು, ಹಿತ್ತಲದಾಗ ಬ್ಯಾಡ! ಬಸ್ ಹತ್ತಿದಾಕಿಗೆ ರಾತ್ರಿಯೆಲ್ಲ ಅತ್ರಿ. ಇಲ್ಲಿ ಬೀದ್ಯಾಗ ನಿಂತೀನಿ, ನಾ ಕಾಣಂಗಿಲ್ಲೇನ್ರೀ? ನಿಮ್ಮ ಕಣ್ಣೀರಿಗೆ ಬೆಂಕಿ ಹಾಕ!”

ಓಣಿ ಮೊದಲ ಸಲ ಅವಳತ್ತ ನೋಡಿತು.

“ಯಾರೀಕಿ?” ಎಂದರು ಗಂಗಾಂಬಿಕಾ.

“ಖರೇ ಹೆಂಡ್ತಿ ಅಂತ್ರೀ,” ಎಂದ ಅಂಜಿನೇಯ.

“ಅಯ್ಯಯ್ಯೋ! ಇಂಥ ಬಾಯಿಬಡಕಿ ಸಲುವಾಗಿ ಬಂಗಾರದಂಥ ನಮ್ಮ ವಸುಂಧರಾನ್ನ ಬಸ್ ಹತ್ತಿಸ್ಯಾನ್ರೀ ಇವ!”

“ಸೀರಿಯಲ್ ನಿಂತಿದ್ದು ಇದಕ್ಕ! ಹಿಡೀರ್ಲೇ ಅವನ್ನ!”

ಈಗಷ್ಟೇ ಭುಜ ಮುಟ್ಟಲು ಹಿಂಜರಿದಿದ್ದ ಭರಮಣ್ಣ, ಕೊರಳಪಟ್ಟಿ ಹಿಡಿಯಲು ಹಿಂಜರಿಯಲಿಲ್ಲ.