ಮೊದಲು ಸೇರ್ಕೊ, ಕಾಗದ ಆಮೇಲೆ

ಚಿಂತನ್, ದೀಕ್ಷಾ, ಬಾಯಲ್ಲಿ ಹೇಳಲಾಗದ್ದನ್ನು ಬರೆದಿಡುವುದು ನನ್ನಂಥ ಸಂಕೋಚದವರ ಅಭ್ಯಾಸ. ನಾಲ್ಕು ಜನ ಕೂತಿದ್ದರೆ ನನಗೆ ಕುಡಿಯಲು ನೀರು ಕೇಳುವುದಕ್ಕೂ ಆಗುವುದಿಲ್ಲ. ಈಗ ನಮ್ಮ ಮನೆಯಲ್ಲಿ ಯಾರಿಗೂ ಮಾತು ಬೇಡವಾಗಿದೆ, ಟಿವಿ ಕೂಡ ಹಾಕುತ್ತಿಲ್ಲ. ಈ ವಯಸ್ಸಿನಲ್ಲಿ ಮೊದಲ ಸಲ ನಾನೂ ಎಲ್ಲರ ಹಾಗೆ ಕಾಣುತ್ತಿದ್ದೇನೆ.

ಕಾರಣ ನಿಮಗೆ ಅರ್ಧ ಗೊತ್ತು. ಕೆನಡಾದಲ್ಲಿ ಬಿಸಿನೆಸ್ ಓದುತ್ತಿದ್ದ ನಿಮ್ಮಕ್ಕ ರಚನಾಗೆ ಆ ಓದು ಹಿಡಿಸಲಿಲ್ಲ. ಕಿವಿ ಕೇಳದ ಮಕ್ಕಳಿಗೆ ಸನ್ನೆಯಲ್ಲಿ ಪಾಠ ಹೇಳುವುದನ್ನು ಬೇರೊಂದು ಕಾಲೇಜಿನಲ್ಲಿ ಕಲಿಸುತ್ತಾರಂತೆ, ಅಲ್ಲಿಗೆ ಸೇರುತ್ತೇನೆ ಅಂದಳು. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತೋ! ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆ ಮಾವ ಎದುರಿಗಿದ್ದಾಗ, ನಿಮ್ಮ ತಾತನ ಜೊತೆ ಸಂಸಾರ ಮಾಡಿದ್ದೇ ಸನ್ನೆಯಲ್ಲಿ. ಬಳೆ ಮೆಲ್ಲಗೆ ಸದ್ದಾದರೆ ಊಟಕ್ಕೆ ಬನ್ನಿ ಎಂದು, ಜೋರಾಗಿ ಸದ್ದಾದರೆ ತವರಿಗೆ ಕಳಿಸಿ ಎಂದು. ಜೋರಾದದ್ದು ಅವರಿಗೆ ಕೊನೆಯವರೆಗೂ ಕೇಳಿಸಲಿಲ್ಲ.

"ಅಪ್ಪ, ಕಾಲೇಜು ಬದಲಾಯಿಸಿದ್ರೆ ವೀಸಾ ಕತೆ ಏನಾಗುತ್ತೋ," ಅಂದಳು ರಚನಾ ಫೋನಿನಲ್ಲಿ.

"ಮೊದ್ಲು ಸೇರ್ಕೊ ಮಗಳೇ, ಕಾಗದ ಆಮೇಲೆ ಸರಿಮಾಡ್ಸೋಣ," ಅಂದ ನಿಮ್ಮಪ್ಪ. "ಇಲ್ಲೇ ನಮ್ಮ ಸಿಂಗಾಪುರ ಲೇಔಟ್ ಬಿಲ್ಡಿಂಗಲ್ಲಿ ಬಾಡಿಗೆಯೋರು ಬಂದು ಹಾಲು ಉಕ್ಕಿಸಿದ್ಮೇಲೆ ತಾನೆ ನಾನು ಖಾತೆ ಮಾಡ್ಸಿದ್ದು?"

"ಅಪ್ಪ, ಇದು ಕೆನಡಾ."

"ಅಲ್ಲೂ ಮನುಷ್ರೇ ಕಣಮ್ಮ ಇರೋದು."

ತಂದೆಯ ಧೈರ್ಯ ನಂಬಿ ಹುಡುಗಿ ಹಳೆಯ ಕಾಲೇಜು ಬಿಟ್ಟು ಹೊಸದಕ್ಕೆ ಸೇರಿದಳು. ಕೆಲವು ವಾರ ಖುಷಿಯಾಗಿಯೇ ಇದ್ದಳು. ಆಮೇಲೆ ಹೊಸ ಕಾಲೇಜಿನವರು ಅನುಮತಿ ಎಲ್ಲಿ ಎಂದು ಕೇಳಿದರಂತೆ. ನಿಮ್ಮಪ್ಪ ಗಾಬರಿಯಲ್ಲಿ ಸಂಜಯನಗರದ ವೀಸಾ ಆಫೀಸಿಗೆ ಹೊರಟ. ಜೊತೆಗೆ ವಯಸ್ಸಾದವರಿದ್ದರೆ ಕೆಲಸ ಬೇಗ ಆಗುತ್ತದೆಂದು ನನ್ನನ್ನೂ ಕಾರಿಗೆ ಹತ್ತಿಸಿದ. ತಾಲ್ಲೂಕು ಕಚೇರಿಗೂ ಹೀಗೇ ಒಯ್ಯುತ್ತಿದ್ದ.

ಅಲ್ಲಿದ್ದ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, "ಯಾವ ಕಾಲೇಜಿಗೆ ಅಂತ ಅನುಮತಿ ಕೊಟ್ಟಿರ್ತಾರೋ ಅಲ್ಲೇ ಓದ್ಬೇಕು ಸರ್. ಬದಲಾಯಿಸೋಕೆ ಮುಂಚೆ ಹೊಸದು ತಗೋಬೇಕಿತ್ತು," ಅಂದಳು.

"ದಂಡ ಎಷ್ಟು ಹೇಳಿ, ಕಟ್ಬಿಡ್ತೀನಿ."

"ದಂಡದ ಮಾತಲ್ಲ ಸರ್. ನಿಮ್ಮ ಮಗಳಿಗೆ ಅಲ್ಲಿರೋ ಹಕ್ಕೇ ಹೋಗಿದೆ. ವಾಪಸ್ ಕೊಡಿ ಅಂತ ಕೇಳ್ಕೋಬಹುದು. ಅವರು ಒಪ್ಪೋವರೆಗೂ ಓದೋ ಹಾಗಿಲ್ಲ. ಒಪ್ಪದಿದ್ರೆ ವಾಪಸ್ ಬರ್ಬೇಕು."

ನಿಮ್ಮಪ್ಪ ನನ್ನ ಮುಖ ನೋಡಿದ. ನಾನೇನಾದರೂ ಹೇಳಬೇಕಿತ್ತೇನೋ. "ಇಂಗಾಯ್ತಲ್ಲ," ಅಂದೆ.

ಅರ್ಜಿ ಹಾಕಿದ್ದಾಗಿದೆ. ಉತ್ತರ ಬಂದಿಲ್ಲ. ರಚನಾ ಅಲ್ಲಿ ಕೋಣೆಯಲ್ಲಿ ಕೂತು, ಓದಬಾರದ ಪುಸ್ತಕ ಮುಚ್ಚಿಟ್ಟು, ಫೋನಿನಲ್ಲಿ ನಮಗೆ ಕಿಟಕಿಯಾಚೆಯ ಹಿಮ ತೋರಿಸುತ್ತಾಳೆ. ಆ ಓದು ತಪ್ಪಿದರೆ ಅವಳು ಮತ್ತೆ ನಗುತ್ತಾಳೆಂಬ ನಂಬಿಕೆ ನನಗಿಲ್ಲ. ನಿಮ್ಮಮ್ಮ ಮಾರಮ್ಮನಿಗೆ ತಂಬಿಟ್ಟಿನ ಆರತಿಯ ಹರಕೆ ಹೊತ್ತಿದ್ದಾಳೆ. ಮೊನ್ನೆ ಗುಡಿಯಲ್ಲಿ ನನ್ನನ್ನೂ ಮುಂದೆ ನಿಲ್ಲಿಸಿ, "ಅತ್ತೆ, ನೀವೂ ಬೇಡ್ಕೊಳಿ," ಅಂದಳು. ಕೈ ಮುಗಿದೆ. ಮಗು ಅಲ್ಲೇ ಓದಲಿ ಎನ್ನಬೇಕಿತ್ತು. ಮನಸ್ಸಿನಲ್ಲಿ ಬಂದದ್ದು, "ಮನೆಗೆ ಕಳಿಸ್ಬಿಡು ತಾಯಿ."

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಅವಳು ಓದು ಮುಗಿಸಿ ಬಂದರೆ ಕೊಡಿ, ಓದಿ ನಗಲಿ. ಮುಂಚೆಯೇ ಬಂದುಬಿಟ್ಟರೆ ಮಾತ್ರ ತೋರಿಸಬೇಡಿ. ಮಾರಮ್ಮ ನನ್ನ ಮಾತು ಕೇಳಿದಳೆಂದು ಅವಳಿಗೆ ತಿಳಿಯುವುದು ಬೇಡ.