ಅಕ್ಕನ ಪೆಟ್ಟಿಗೆಯ ಒಂದಿಂಚು

"ಇವತ್ತು ನನ್ನ ಬಾಯಿಂದ ತಮ್ಮನ ಮೇಲೆ ಒಂದು ಕೊಂಕು ಹೊರಟರೆ ಕೇಳು" ಎಂದು ಮರಗೆಲಸದ ದೊಡ್ಡ ಮೇಸ್ತ್ರಿಗಳು ಬೆಳಿಗ್ಗೆಯೇ ಹೆಂಡತಿಯೆದುರು ಎದೆಯುಬ್ಬಿಸಿ ಘೋಷಿಸಿದರು. ಒಳಕೋಣೆಯಲ್ಲಿ ಅಕ್ಕನ ಹೆಣ ಮಲಗಿತ್ತು.

ತಾಯಿಯಿಲ್ಲದ ಅಣ್ಣತಮ್ಮಂದಿರಿಬ್ಬರನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಅವಳು. ಕಡೆಗಾಲದಲ್ಲಿ ಕೇಳಿದ್ದು ಒಂದೇ: ನನ್ನನ್ನು ಹೂಳುವ ಪೆಟ್ಟಿಗೆ ನೀವಿಬ್ಬರೂ ಸೇರಿ ಮಾಡಬೇಕು, ದೊಡ್ಡವನು ಅಳೆಯಲಿ, ಚಿಕ್ಕವನು ಕೊಯ್ಯಲಿ. ಇಬ್ಬರೂ ಮುಖ ನೋಡಿ ಆರು ವರ್ಷವಾಗಿತ್ತು. ಅಂದು ಚರ್ಚಿನ ಬಾಗಿಲಿಗೆ ಅಣ್ಣ ಅಳತೆ ಕೂಗಿದ್ದರು, ತಮ್ಮ ಕೊಯ್ದಿದ್ದ, ಬಾಗಿಲು ಒಂದಿಂಚು ಗಿಡ್ಡವಾಗಿತ್ತು. ಅದರಡಿಯಿಂದ ಚಳಿಗಾಳಿ ನುಗ್ಗಿದಾಗಲೆಲ್ಲ ಮೇಸ್ತ್ರಿಗಳು ಪಕ್ಕದವರ ಕಿವಿಯಲ್ಲಿ, "ನನ್ನ ತಮ್ಮನ ಕೈಗುಣ" ಎನ್ನುತ್ತಿದ್ದರು. ಪ್ರತಿ ಭಾನುವಾರ ಮಕ್ಕಳಿಗೆ ಪಾಠ ಹೇಳುವವರೂ ಅವರೇ. ಇನ್ನೊಬ್ಬರ ಬಗ್ಗೆ ತೀರ್ಪು ಮಾಡಬೇಡಿ ಎಂಬ ಯೇಸುಸ್ವಾಮಿಯ ಬೋಧನೆ ಅವರಿಗೆ ಬಲು ಪ್ರೀತಿ. ಅದನ್ನು ಯಾರ್ಯಾರು ಪಾಲಿಸುತ್ತಿಲ್ಲ ಎಂದು ಹೆಸರು ಹಿಡಿದು ಹೇಳುತ್ತಿದ್ದರು!

ತಮ್ಮ ಗರಗಸ ಹಿಡಿದು ಬಂದ. ಮೇಸ್ತ್ರಿಗಳು ಅಕ್ಕನನ್ನು ಅಳೆದು, ಪೆಟ್ಟಿಗೆಯ ಉದ್ದ ಗೊತ್ತುಮಾಡಿ, "ಅರವತ್ತೇಳು" ಎಂದು ಕೂಗಿದರು. ತಳ, ಮುಚ್ಚಳ ತಾವೇ ಕೊಯ್ದರು. ಪಕ್ಕದ ಹಲಗೆಗಳೆರಡನ್ನು ತಮ್ಮ ಕೊಯ್ದ. ಜೋಡಿಸಲು ಹೋದರೆ ಕಾಲಿನ ಕಡೆ ಕೈಬೆರಳು ತೂರುವಷ್ಟು ಸಂದು!

ಬೆಳಗಿನ ಘೋಷಣೆ ಅಲ್ಲೇ ಮರದ ಹೊಟ್ಟಿನಲ್ಲಿ ಮಣ್ಣುಪಾಲಾಯಿತು. ಪಾದ್ರಿಗಳ ಮುಂದೆ, ಅಳುತ್ತಾ ನಿಂತ ನೆರೆಹೊರೆಯವರ ಮುಂದೆ ಮೇಸ್ತ್ರಿಗಳು ಆರು ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿದರು. ಸತ್ತವಳಿಗೂ ದ್ರೋಹ ಮಾಡಿದ ಕೈ ಎಂದುಬಿಟ್ಟರು. ಹೆಂಡತಿ ಗಿಡ್ಡ ಹಲಗೆಯನ್ನು ತಂದು ಮುಂದಿಟ್ಟಳು.

"ಬೈಯೋದು ಆಮೇಲೆ. ಅಳೀರಿ."

ಮೇಸ್ತ್ರಿಗಳು ಟೇಪು ಎಳೆದರು. "ನೋಡು, ಅರವತ್ತಾರು. ನಾನು ಹೇಳಿದ್ದು ಅರವತ್ತೇಳು."

"ರೀ, ಇಲ್ಲಿ ಅರವತ್ತೇಳು ಅಂತಲೇ ಇದೆಯಲ್ಲ?"

"ಒಂದು ಕಳೀಬೇಕು ಕಣೇ. ಟೇಪಿನ ತುದಿ ಒಂದಿಂಚು ಮುರಿದಿದೆ, ಗೊತ್ತಿಲ್ವಾ?"

"ಮುರಿದದ್ದನ್ನ ಎಸೆದು ಏಳು ವರ್ಷ ಆಯ್ತು. ಇದು ನಾನು ತಂದುಕೊಟ್ಟ ಹೊಸದು."

ಮೇಸ್ತ್ರಿಗಳು ಟೇಪಿನ ತುದಿ ನೋಡಿದರು. ಒಂದನೇ ಇಂಚು ಕೂತಿತ್ತು, ಯಾವ ಊನವೂ ಇಲ್ಲದೆ.

ಹಳೇ ಅಭ್ಯಾಸಕ್ಕೆ ಏಳು ವರ್ಷ ಅಳೆಯುವಾಗಲೆಲ್ಲ ಒಂದು ಕಳೆದಿದ್ದರು. ತಾವೇ ಹಲಗೆಗೆ ಗುರುತು ಹಾಕುವಾಗ ಆ ಒಂದನ್ನು ಮತ್ತೆ ಕೂಡಿಸಿದ್ದರು. ಹಾಗಾಗಿ ತಾವೇ ಅಳೆದು ತಾವೇ ಕೊಯ್ದರೆ ಸದಾ ಸರಿ. ಇನ್ನೊಬ್ಬರು ಗರಗಸ ಹಿಡಿದಾಗ ಮಾತ್ರ ತಪ್ಪು.

"ನಿಂಗೆ ಗೊತ್ತಿತ್ತೇನೋ?" ಎಂದರು, ತಮ್ಮನತ್ತ ತಿರುಗಿ.

"ಬಾಗಿಲು ಗಿಡ್ಡ ಆದ ವಾರವೇ ಗೊತ್ತಾಯ್ತಣ್ಣ. ಅಕ್ಕನಿಗೆ ಹೇಳ್ದೆ. ನಾವು ಹೇಳಿದ್ರೆ ಅವನು ನಂಬಲ್ಲ, ತಾನೇ ಕಂಡ್ಕೊಳ್ಳಲಿ ಅಂದ್ಲು. ಮೊನ್ನೆ ಪೆಟ್ಟಿಗೆ ಮಾತು ತೆಗೆದಾಗ, ಅದೂ ಗಿಡ್ಡ ಆದ್ರೆ ಏನ್ಮಾಡ್ತೀಯೇ ಅಂತ ಕೇಳ್ದೆ." ಅವನು ಗಿಡ್ಡ ಹಲಗೆಯನ್ನು ಪಕ್ಕಕ್ಕೆ ಸರಿಸಿದ. "ಕಾಲು ಮಡಚ್ಕೋತೀನಿ ಬಿಡೋ ಅಂದ್ಲು."

ಮೇಸ್ತ್ರಿಗಳು ಟೇಪನ್ನು ತಮ್ಮನ ಕೈಗಿಟ್ಟು, ತಾವು ಗರಗಸ ತೆಗೆದುಕೊಂಡರು.

ತಮ್ಮ ಹೊಸದಾಗಿ ಅಳೆದು, "ಅರವತ್ತೆಂಟು" ಎಂದು ಹೊಸ ಹಲಗೆಯ ಮೇಲೆ ಟೇಪು ಚಾಚಿದ. ಮೇಸ್ತ್ರಿಗಳ ಪೆನ್ಸಿಲು ತಾನಾಗಿ ಅರವತ್ತೊಂಬತ್ತರ ಮೇಲೆ ಗೀಟೆಳೆಯಿತು.

"ರೀ, ನಿಮ್ಮ ತಮ್ಮ ಎಷ್ಟಂದ್ರು?" ಎಂದಳು ಹೆಂಡತಿ.

ಮೇಸ್ತ್ರಿಗಳು ಎಲ್ಲರೆದುರು ಹೆಬ್ಬೆರಳಿಗೆ ಉಗುಳು ಹಚ್ಚಿ ಆ ಗೀಟನ್ನು ಒರೆಸಿದರು.

ಅಕ್ಕ ಕಾಲು ಮಡಚಬೇಕಾಗಲಿಲ್ಲ.