ಆಕಾಶಕ್ಕೆ ಟೈಮ್‌ಟೇಬಲ್

ಆ ಶನಿವಾರ ಬೆಳಿಗ್ಗೆ ಹಾಲು ತರಲು ಇಳಿದ ರಂಜನಾ ಸುಮ್ಮನೆ ಹಾಲು ತೆಗೆದುಕೊಂಡು ಮೇಲೆ ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಗೇಟಿನ ಹತ್ತಿರ ಸೊಸೈಟಿಯ ಸೆಕ್ರೆಟರಿ ಶಂಕ್ರೆಪ್ಪ ಸಿಕ್ಕರು.

"ಏನವಾ, ನಿಮ್ಮ ಯಜಮಾನ್ರು ಭಾಳ ದಿನದಿಂದ ಮನ್ಯಾಗs ಇರ್ತಾರಲಾ? ನೌಕರಿ ಅದನೋ ಇಲ್ಲೋ?"

ರಂಜನಾಗೆ ಮೂಗಿನ ತುದಿಗೆ ಸಿಟ್ಟು ಬಂತು. "ಮನ್ಯಾಗ ಕೂತs ಆಕಾಶಕ್ಕ ಟೈಮ್‌ಟೇಬಲ್ ಹಾಕ್ತಾರ್ರೀ ಅವ್ರು," ಎಂದು ಹೇಳಿ ಮೆಟ್ಟಿಲು ಹತ್ತಿದಳು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ವಿಜಯಪುರದಿಂದ ಬಂದು ಮುಂಬೈಯ ಕಾಂದಿವಲಿಯಲ್ಲಿ ನೆಲೆಸಿದ್ದ ಅವಳ ಗಂಡ ಕಾಶಿನಾಥ, ಮಲಾಡಿನ ಸಣ್ಣ ಕಂಪನಿಯೊಂದಕ್ಕೆ ಈಚೆಗೆ ಮನೆಯಿಂದಲೇ ಸಾಫ್ಟ್‌ವೇರ್ ಬರೆಯುತ್ತಿದ್ದ. ದೂರದ ಗುಡ್ಡವೊಂದರ ಮೇಲಿನ ದೊಡ್ಡ ಟೆಲಿಸ್ಕೋಪು ಇಡೀ ಆಕಾಶವನ್ನು ತುಂಡು ತುಂಡಾಗಿ ಫೋಟೋ ತೆಗೆಯಬೇಕಿತ್ತು. ಚಂದ್ರ ಎಲ್ಲಿದ್ದಾನೆ, ಮೋಡ ಎತ್ತ ಕವಿದಿದೆ, ಯಾವ ಮೂಲೆಯನ್ನು ನೋಡಿ ಬಹಳ ದಿನವಾಯಿತು ಎಂಬುದನ್ನೆಲ್ಲ ಲೆಕ್ಕ ಹಾಕಿ 'ಈಗ ಇತ್ತ ತಿರುಗು, ಆಮೇಲೆ ಅತ್ತ ತಿರುಗು' ಎಂದು ಟೆಲಿಸ್ಕೋಪಿಗೆ ಸರದಿ ಹಾಕಿಕೊಡುವುದು ಆ ಸಾಫ್ಟ್‌ವೇರಿನ ಕೆಲಸ.

ಆದರೆ ಕಾಶಿನಾಥ ಮಾತ್ರ ಮುಂಬೈಗೆ ಬಂದ ಮೇಲೆ ಒಂದು ಒಳ್ಳೆಯ ಆಕಾಶವನ್ನೂ ಕಂಡವನಲ್ಲ. ಕಾಂದಿವಲಿಯ ಕಿಟಕಿಯಿಂದ ಕಾಣುತ್ತಿದ್ದುದು ಚಂದ್ರ ಮತ್ತು ವಿಮಾನಗಳು. ಅವೆರಡರಲ್ಲಿ ವಿಮಾನವೇ ಹೆಚ್ಚು ಹೊಳೆಯುತ್ತಿತ್ತು. ಅಂದು ಮಧ್ಯಾಹ್ನ ವೀಕ್ಷಣಾಲಯದ ಮುಖ್ಯಸ್ಥೆ ಡಾಕ್ಟರ್ ಶಿವಕುಮಾರಿಯವರಿಗೆ ವಿಡಿಯೋ ಕರೆಯಲ್ಲಿ ಸಾಫ್ಟ್‌ವೇರ್ ತೋರಿಸುವುದಿತ್ತು. ಅವರು ಒಪ್ಪಿದರೆ ಅದನ್ನು ಅಳವಡಿಸಲು ಕಾಶಿನಾಥನೇ ಒಂದು ತಿಂಗಳು ಗುಡ್ಡದ ಮೇಲೆ ಇರಬೇಕೆಂದು ಬಾಸ್ ರಾಧಿಕಾ ಹೇಳಿದ್ದಳು. ಅವನು ಆಗಲೇ ಉಣ್ಣೆಯ ಟೋಪಿ ಕೊಂಡು, ಮೇ ತಿಂಗಳ ಸೆಕೆಯಲ್ಲಿ ಕನ್ನಡಿಯ ಮುಂದೆ ಹಾಕಿ ನೋಡಿಕೊಂಡು ಬೆವರಿದ್ದ.

ತಿಂಡಿ ತಿಂದು ಲ್ಯಾಪ್‌ಟಾಪ್ ತೆರೆದರೆ ನೆಟ್ ಇಲ್ಲ. ಮೊಬೈಲಿನ ನೆಟ್ಟು ಆ ಮನೆಯೊಳಗೆ ಕರೆಯದೆ ಬಂದ ನೆಂಟನಂತೆ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಕೇಬಲ್ ಬರುವುದು ಟೆರೇಸಿನ ಮೇಲಿಂದ. ಕಾಶಿನಾಥ ಮೇಲಕ್ಕೆ ಓಡಿದ.

ಟೆರೇಸಿನ ಬಾಗಿಲಿಗೆ ಬೀಗ. ಅದರ ಮುಂದೆ ಶಂಕ್ರೆಪ್ಪ. ಅವರ ಎಡಕ್ಕೆ, ಬಿಸಿಲಿಗೆ ಸಂಡಿಗೆ ಹಾಕಲು ಹಿಟ್ಟಿನ ಪಾತ್ರೆ ಹಿಡಿದ ಮೂರನೆಯ ಮಹಡಿಯ ದಾನವ್ವ. ಬಲಕ್ಕೆ ಎದುರು ಮನೆಯ ರುಕ್ಮಿಣಿಬಾಯಿ. ಅವರ ಮಗಳ ಮದುವೆಯ ಅರಿಶಿನದ ಶಾಸ್ತ್ರ, ಅವರ ಮಾತಿನಲ್ಲಿ 'ಹಳದಿ', ಅಂದೇ ಟೆರೇಸಿನ ಮೇಲೆ ಇತ್ತು.

"ಶಾಂಡಿಗಿ ಹಾಕ್ತೀನಂತ ಹೋದ ವಾರನs ಹೇಳೀನಿ ನಾ!" ಎಂದಳು ದಾನವ್ವ. "ಕಾಗಿ ಬರಬಾರದಂತ, ಇವರು ಕೀಲಿ ಹಾಕೂ ಮೊದಲs ಕರೀ ಅರಿವಿನೂ ಕಟ್ಟಿ ಬಂದೀನಿ. ಅಲ್ಲೇ ಒಂದು ವಾಯರ್ ಜೋತಾಡತಿತ್ತು, ಜಗ್ಗಿ ಬಿಗದೀನಿ. ಕಟ್ ಅಂತು, ಆದ್ರೂ ಗಟ್ಟಿ ಅದ."

ಕಾಶಿನಾಥನ ಎದೆಯೂ ಕಟ್ ಎಂದಿತು. "ಅದು ನನ್ನ ನೆಟ್ಟಿನ ಕೇಬಲ್ಲು ಅವ್ವಾರ!"

"ಹೌದನ? ಚಲೋ ಅದ ಬಿಡಪಾ, ಎಷ್ಟು ಜಗ್ಗಿದ್ರೂ ಪೂರಾ ಹರೀಲಿಲ್ಲ."

"ಅಹೋ, ಮಗಳ ಹಳದಿ ದೊಡ್ಡದೋ, ಶಾಂಡಿಗಿ ದೊಡ್ಡದೋ?" ರುಕ್ಮಿಣಿಬಾಯಿ ಕೂಗಿದರು. "ಮಂಡಪದವ ಟೆಂಪೋ ತಂದು ನಿಂತಾನ!"

"ಶಂಕ್ರೆಪ್ಪಾರ, ಕೀಲಿ ಕೊಡ್ರಿ. ಕೇಬಲ್ಲಿನವನ ಕರೆಸಿ ಜೋಡಿಸಿಕೋತೀನಿ," ಎಂದ ಕಾಶಿನಾಥ.

ಶಂಕ್ರೆಪ್ಪ ಕೀಲಿಯಿದ್ದ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು. "ಒಬ್ಬರಿಗೆ ತಗದ್ರ ಇನ್ನೊಬ್ಬರು ನುಗ್ಗತಾರ. ನಿರ್ಣಯ ಆಗೂ ತನಕ ತಗಿಯೂದಿಲ್ಲ. ಅಂದಂಗ, ಆಕಾಶಕ್ಕ ಟೈಮ್‌ಟೇಬಲ್ ಹಾಕವರು ನೀವು. ಟೆರೇಸಿಗೆ ಹಾಕ್ರಿ ನೋಡೂಣು. ಕಂಪ್ಯೂಟರ್ ಹೇಳಿದ್ರ ಎಲ್ಲಾರೂ ಕೇಳಬೇಕು. ಏನಂತೀರಿ?"

ಇಬ್ಬರು ಹೆಂಗಸರೂ, ಕಂಪ್ಯೂಟರ್ ತನ್ನ ಕಡೆಗೇ ಹೇಳುತ್ತದೆಂಬ ಧೈರ್ಯದಲ್ಲಿ, ಹೂಂ ಎಂದರು. ಕಾಶಿನಾಥ ಲ್ಯಾಪ್‌ಟಾಪ್ ತಂದು ಮೆಟ್ಟಿಲ ಮೇಲೆ ಕೂತ. ನಕ್ಷತ್ರಗಳ ಜಾಗದಲ್ಲಿ ಶಾಂಡಿಗೆ, ಹಳದಿ ಎಂದು ತುಂಬಿಸಿ ಗುಂಡಿ ಒತ್ತಿದ. ಸಾಫ್ಟ್‌ವೇರ್ ಚಿಟಿಕೆ ಹೊಡೆಯುವಷ್ಟರಲ್ಲಿ ತೀರ್ಪು ಕೊಟ್ಟಿತು: ಶಾಂಡಿಗೆ ನಡುರಾತ್ರಿ, ಹಳದಿ ಬೆಳಗಿನ ಜಾವ.

"ನಡುರಾತ್ರಿ ಶಾಂಡಿಗಿ ಒಣಗಸ್ಲಿ? ಬೆಳದಿಂಗಳಾಗ?" ದಾನವ್ವ ಕೇಳಿದಳು.

ಟೆಲಿಸ್ಕೋಪು ಸೂರ್ಯ ಮುಳುಗಿದ ಮೇಲೆಯೇ ಕಣ್ಣು ಬಿಡುವುದೆಂಬುದನ್ನು ಕಾಶಿನಾಥ ಮರೆತಿದ್ದ. ಆ ನಿಯಮ ತೆಗೆದುಹಾಕಿ ಮತ್ತೆ ಒತ್ತಿದ. ಈ ಸಲ ಎಲ್ಲವೂ ಹಗಲಿಗೇ ಬಂತು. ಆದರೆ ಟೆಲಿಸ್ಕೋಪು ಒಂದು ಕಡೆ ಒಂದು ಗಳಿಗೆ ನೋಡಿ ಮತ್ತೊಂದು ಕಡೆ ತಿರುಗುವಂಥದು. ಹಾಗಾಗಿ ತುಸು ಶಾಂಡಿಗೆ, ತುಸು ಹಳದಿ, ಮತ್ತೆ ತುಸು ಶಾಂಡಿಗೆ ಎಂದು ದಿನವೆಲ್ಲ ಕೊಚ್ಚಿಟ್ಟ ಸೌತೆಕಾಯಿಯಂತಾಗಿತ್ತು.

"ಒಂದು ಗಲ್ಲಕ್ಕ ಹಳದಿ ಹಚ್ಚಿ ಪೋರಿನ್ನ ಕೆಳಗ ಕರಕೊಂಡು ಬರೂದಾ? ಶಾಂಡಿಗಿ ಒಣಗಿದ ಮ್ಯಾಲೆ ಇನ್ನೊಂದು ಗಲ್ಲಕ್ಕಾ?" ರುಕ್ಮಿಣಿಬಾಯಿಯ ದನಿ ನೆಲಮಹಡಿಯವರೆಗೂ ಇಳಿಯಿತು.

ಅಷ್ಟರಲ್ಲಿ ರಾಧಿಕಾಳ ಫೋನು. "ಕಾಶಿನಾಥ್, ಎಲ್ಲಾ ರೆಡಿ ಹೈ ನಾ?"

"ಏಕ್‌ದಮ್ ರೆಡಿ," ಎಂದ ಕಾಶಿನಾಥ, ಹಣೆಯ ಬೆವರು ಒರೆಸಿಕೊಳ್ಳುತ್ತ.

ಅವನು ಲ್ಯಾಪ್‌ಟಾಪ್ ಮುಚ್ಚಿ ದಾನವ್ವನನ್ನು ಬದಿಗೆ ಕರೆದ. ಶಾಂಡಿಗೆಗೆ ಬೇಕಾದ್ದು ಸುಡುಬಿಸಿಲು. ಇಳಿಹೊತ್ತಿನಲ್ಲಿ ಅವಳಿಗೆ ಟೆರೇಸ್ ಬೇಡ. ರುಕ್ಮಿಣಿಬಾಯಿಯನ್ನು ಇನ್ನೊಂದು ಬದಿಗೆ ಕರೆದ. ಆ ಬಿಸಿಲಿನಲ್ಲಿ ಮಗಳನ್ನು ಕೂರಿಸಲು ಅವರಿಗೂ ಮನಸ್ಸಿರಲಿಲ್ಲ. ಆದರೆ ದಾನವ್ವನ ಮುಂದೆ ಸೋಲಬಾರದಿತ್ತು. ಕಾಶಿನಾಥ ಇಬ್ಬರಿಗೂ "ನಿಮ್ದು ಖರೇ ಅದ" ಎಂದ. ಇಬ್ಬರ ಹಳೆಯ ದೂರುಗಳನ್ನೂ ತಲೆಯಾಡಿಸುತ್ತ ಕೇಳಿದ. ಆಮೇಲೆ ಲ್ಯಾಪ್‌ಟಾಪ್ ತೆರೆದು ತಾನೇ ಟೈಪ್ ಮಾಡಿದ: ಇಳಿಹೊತ್ತಿನ ತನಕ ಶಾಂಡಿಗೆ, ಆಮೇಲೆ ಹಳದಿ.

"ನೋಡ್ರಿ, ಕಂಪ್ಯೂಟರ್ ಹೇಳ್ತು."

"ಹಂಗಂದ್ರ ಆತು," ಎಂದಳು ದಾನವ್ವ. "ಕಂಪ್ಯೂಟರಿಗೆ ಬುದ್ಧಿ ಅದ," ಎಂದರು ರುಕ್ಮಿಣಿಬಾಯಿ. ಶಂಕ್ರೆಪ್ಪ ಬೀಗ ತೆಗೆದರು.

ಕೇಬಲ್ಲಿನವನು ಬಂದು ಕರಿ ಅರಿವೆ ಬಿಚ್ಚಿ, ವಾಯರ್ ಜೋಡಿಸಿ ಮುಗಿಸುವಷ್ಟರಲ್ಲಿ ಡೆಮೋದ ಹೊತ್ತಾಗಿತ್ತು. ಕಾಶಿನಾಥ ಓಡಿಬಂದು ಕೂತು, ಉಸಿರು ಹಿಡಿದು ಪರದೆ ತೋರಿಸಿದ.

"ಕ್ಷಮಿಸಿ," ಎಂದರು ಡಾಕ್ಟರ್ ಶಿವಕುಮಾರಿ. ದನಿ ಅಪ್ಪಟ ಧಾರವಾಡದ್ದು. "ಈ ಶಾಂಡಿಗಿ ಅಂಬೋದು ಯಾವ ನಕ್ಷತ್ರಪುಂಜ?"

ಅವನು ಟೆರೇಸಿನ ಸರದಿಯನ್ನು ಅಳಿಸಿಯೇ ಇರಲಿಲ್ಲ. ರಾಧಿಕಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡದ್ದು ಪರದೆಯ ಮೂಲೆಯಲ್ಲಿ ಕಂಡಿತು. ಅದೇ ಹೊತ್ತಿಗೆ ಬಾಗಿಲು ದಢಾರನೆ ತೆರೆದು ದಾನವ್ವ ಒಳಗೆ ಬಂದಳು.

"ಕಾಶಿನಾಥಾ! ಕಾಗಿಗೆ ಕಟ್ಟಿದ್ದ ಅರಿವಿ ನಿನ್ನ ಕೇಬಲ್ಲಿನವ ಬಿಚ್ಚಿ ಒಗದಾನ. ಆ ರುಕ್ಮಿಣಿಬಾಯಿ ಈಗs ಮಂಡಪದ ಬಿದಿರು ಏರಸಾಕ ಹತ್ಯಾಳ. ನಿನ್ನ ಕಂಪ್ಯೂಟರ್ ಹೇಳಿದ್ದು ಆಕಿಗೆ ಕೇಳಸ್ಲಿಲ್ಲೇನು?"

ಮೈಕು ಬಂದ್ ಮಾಡುವುದೂ ಅವನಿಗೆ ತೋಚಲಿಲ್ಲ. "ಅವ್ವಾರ, ನಿಮ್ದು ಖರೇ ಅದ. ಬಿದಿರು ಬದಿಗೆ ಇಟ್ಟರ ಶಾಂಡಿಗಿಗೆ ಏನೂ ಆಗೂದಿಲ್ಲ. ಅರಿವಿ ಬಿದಿರಿಗೇ ಕಟ್ಟಿಬಿಡ್ರಿ. ಬಾಯಿಯವರಿಗೆ ನಾ ಹೇಳ್ತೀನಿ," ಎಂದು ಸಮಾಧಾನ ಹೇಳಿ ಕಳಿಸಿದ.

ಮತ್ತೆ ಪರದೆಯ ಮುಂದೆ ಕೂತಾಗ ಅವನಿಗೆ ಅಳು ಬರುವಂತಾಗಿತ್ತು. ಬೆಳಗಿನಿಂದ ಆದದ್ದನ್ನೆಲ್ಲ ಹೇಳಿಬಿಟ್ಟ. "ಅದು ಸಾಫ್ಟ್‌ವೇರ್ ಹಾಕಿದ್ದಲ್ರೀ ಮೇಡಂ. ನಾನs ಮಾತಾಡಿ ಹಾಕಿದ್ದು. ಮಂದಿ ಕೇಳ್ಲಿ ಅಂತ ಕಂಪ್ಯೂಟರಿನ ಹೆಸರು ಹೇಳಿದೆ." ಆಮೇಲೆ ತೆಗೆದಿದ್ದ ರಾತ್ರಿಯ ನಿಯಮವನ್ನು ಮತ್ತೆ ಹಾಕಿ, ನಿಜವಾದ ಆಕಾಶದ ಸರದಿಯನ್ನು ತೆರೆದು ತೋರಿಸಿದ. ಅದು ಒಂದೂ ತಪ್ಪಿಲ್ಲದೆ ನಡೆಯಿತು. ಆದರೂ ಗುಡ್ಡ ಕೈತಪ್ಪಿತೆಂದೇ ಅವನಿಗೆ ಅನಿಸಿತು.

ಶಿವಕುಮಾರಿ ನಗುತ್ತಿದ್ದರು. "ಸಾಫ್ಟ್‌ವೇರ್ ಚಲೋ ಅದ. ತೊಗೋತೀವಿ."

ರಾಧಿಕಾ ಕೈ ತೆಗೆದು ಮುಖ ತೋರಿಸಿದಳು. "ಥ್ಯಾಂಕ್ ಯೂ ಮ್ಯಾಮ್! ಕಾಶಿನಾಥ್ ಮುಂದಿನ ವಾರವೇ ಗುಡ್ಡಕ್ಕೆ ಬರ್ತಾರೆ."

"ಅಯ್ಯ, ಅವರು ಬ್ಯಾಡ!" ಎಂದರು ಶಿವಕುಮಾರಿ. "ಗುಡ್ಡದ ಮ್ಯಾಲೆ ಫೋನು ಹತ್ತೂದಿಲ್ಲ. ಅಳವಡಿಸಾಕ ಬ್ಯಾರೆ ಯಾರನ್ನರೆ ಕಳಸ್ರಿ. ಇಲ್ಲಿ ಕೆಳಗ ನಮ್ಮ ಆಫೀಸಿನಾಗ ಧೂಮಕೇತು ನೋಡವರು, ಗ್ಯಾಲಕ್ಸಿ ನೋಡವರು ಸರದಿಗೆ ದಿನಾ ಜಗಳಾಡ್ತಾರ. ನನ್ನ ಮಾತೂ ಕೇಳೂದಿಲ್ಲ, ಕಂಪ್ಯೂಟರಿನ ಮಾತೂ ಕೇಳೂದಿಲ್ಲ. ಅವರ ತಕರಾರು ಕೇಳಾಕ ಇಂಥವರೊಬ್ಬರು ಮುಂಬೈಯಾಗ ಫೋನಿಗೆ ಸಿಗಬೇಕು."

ರಾಧಿಕಾ ಅಲ್ಲೇ ತೀರ್ಮಾನಿಸಿದಳು. ಗುಡ್ಡಕ್ಕೆ ಅಮೋಲ್ ಹೋಗುವುದು; ಅವನು ಆಫೀಸಿನಲ್ಲಿ ಕಾಶಿನಾಥನ ಪಕ್ಕದ ಮೇಜಿನವನು, ಸಂಜೆ ಆಕಾಶ ನೋಡೆಂದರೆ ಮಾಲ್‌ನ ಬೋರ್ಡು ಓದುವವನು.

ಇಳಿಹೊತ್ತಿಗೆ ಟೆರೇಸಿನಿಂದ ಹಾಡು ಕೇಳತೊಡಗಿತು. ಗಲ್ಲಕ್ಕೆ ಅರಿಶಿನ ಹಚ್ಚಿಸಿಕೊಂಡು ಬಂದ ರಂಜನಾ, "ಎಲ್ಲಾರೂ ನಿಮ್ಮನ್ನs ಹೊಗಳಾಕ ಹತ್ಯಾರ್ರೀ. ಬರ್ರಿ ಮ್ಯಾಲೆ!" ಎಂದಳು. ಕಾಶಿನಾಥ ಏಳುವಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ಕಾಶಿನಾಥ್ ಅವರಾ? ಮೇಡಂ ನಂಬರ್ ಕೊಟ್ರು. ನಾವು ಧೂಮಕೇತುವಿನವರು. ಆ ಗ್ಯಾಲಕ್ಸಿಯವರು ಏನು ಮಾಡ್ಯಾರ ಗೊತ್ತೇನ್ರೀ ನಿಮಗ?"

ಕಾಶಿನಾಥ ಕುರ್ಚಿ ಎಳೆದುಕೊಂಡು ಮತ್ತೆ ಕೂತ. "ಹೇಳ್ರಿ," ಎಂದ.